ತಿಪ್ಪೆಗೆ ಹೋದ ಗಿಡಗಳು

ಬುಟ್ಟಿಯ ತಳದಲ್ಲಿ ಒಂದು ಆಲೂಗಡ್ಡೆ ಕೊಳೆತರೂ ಸಾಕು, ಈಗಲೂ ನನಗೆ ತಾಯಲೂರಿನ ನಮ್ಮ ಹೊಲದ ಆ ಮಧ್ಯಾಹ್ನ ನೆನಪಾಗುತ್ತದೆ.

ಹಿಂದಿನ ಆಲೂಗಡ್ಡೆ ಬೆಳೆ ಅಗೆಯುವಾಗ ಮಣ್ಣಲ್ಲೇ ಉಳಿದ ಗಡ್ಡೆಗಳು ರಾಗಿಯ ನಡುವೆ ತಾವಾಗಿಯೇ ಮೊಳೆತು ಗಿಡವಾಗಿದ್ದವು. ಅಪ್ಪ ಅವನ್ನು ಕಳೆಯ ಜೊತೆ ಕಿತ್ತೊಗೆಯುತ್ತಿದ್ದ. ಮೋಡ ಕವಿದು ಗಾಳಿ ನಿಂತುಹೋಗಿತ್ತು. ಅಜ್ಜಿಯೂ ನಾನೂ ಬುತ್ತಿ ತಂದಿದ್ದೆವು. ಅಜ್ಜಿ ಒಂದು ಗಿಡ ಎತ್ತಿ ಎಲೆ ಮಗುಚಿದಳು. ಅಂಚು ಸುಟ್ಟಂತೆ ಕಪ್ಪಾಗಿತ್ತು, ಅಡಿಯಲ್ಲಿ ಬಿಳಿ ಬೂಷ್ಟು. ಬೇರಿಗಂಟಿದ ಗಡ್ಡೆಯನ್ನು ನಾನು ಹಿಸುಕಿದೆ. ಬೆರಳು ಒಳಕ್ಕೇ ಹೋಗಿ ನಾತ ಎದ್ದಿತು.

"ಅಂಗಮಾರಿ ರೋಗ ಕಣೋ ಇದು. ಇದು ಮುಟ್ಟಿದ ಮಣ್ಣಲ್ಲಿ ಉರ್ಲಗಡ್ಡೆ ಉಳಿಯಲ್ಲ. ಇಷ್ಟು ದಿನ ಕಿತ್ತಿದ್ದೆಲ್ಲಾ ಸುಟ್ಟಾಕಿದ್ಯಾ?" ಎಂದು ಅಜ್ಜಿ ಅಪ್ಪನನ್ನು ಕೇಳಿದಳು.

"ಸುಡೋದ್ಯಾಕಮ್ಮ? ತಿಪ್ಪೆಗೆ ಹಾಕ್ದೆ. ಗೊಬ್ರ ಆಗುತ್ತಲ್ಲ," ಎಂದ ಅಪ್ಪ.

ಅಜ್ಜಿ ಗಿಡವನ್ನು ಕೆಳಗಿಡಲಿಲ್ಲ. "ಆ ಗೊಬ್ರ ಈಗ ಎಲ್ಲಿಗೆ ಹೋಗ್ತಿದೆ?"

ಅಪ್ಪ ಬಾವಿಯ ಕಡೆ ತಿರುಗಿದ. ಅದರಾಚೆ, ಆಲೂಗಡ್ಡೆ ನೆಡಲೆಂದು ಉತ್ತಿದ್ದ ಹೊಸ ಹೊಲದ ತುಂಬಾ ತಿಪ್ಪೆಗೊಬ್ಬರದ ಗುಡ್ಡೆಗಳು ಸಾಲಾಗಿ ನಿಂತಿದ್ದವು. ಖಾಲಿ ಎತ್ತಿನ ಗಾಡಿಯ ಪಕ್ಕ ಚಿಕ್ಕಪ್ಪ ಬೆವರು ಒರೆಸಿಕೊಳ್ಳುತ್ತಾ ನಮ್ಮತ್ತ ಕೈಬೀಸಿ ಕೂಗಿದ:

"ಅಣ್ಣಾ, ತಿಪ್ಪೆ ಪೂರಾ ಖಾಲಿ!"