ಚಿಕ್ಕಮ್ಮ ಕೇಳಿದ ನೀರು

ತುಪ್ಪದಲ್ಲಿ ಬೆಳ್ಳುಳ್ಳಿ ಹುರಿಯುವ ವಾಸನೆ ಬಂದರೆ ಇಂದಿಗೂ ನನ್ನ ಗಂಟಲು ಒಣಗುತ್ತದೆ.

ಮೇಲೂರಿನ ಅಜ್ಜಿಯ ಮನೆಯಲ್ಲಿ ಚಿಕ್ಕಮ್ಮನ ಬಾಣಂತನ ನಡೆದ ಬೇಸಿಗೆ ಅದು. ನನಗೆ ಒಂಬತ್ತು ವರ್ಷ. ಹದಿನೈದು ದಿನದ ಮಗುವಿಗೆ ಹಾಲು ಸಾಲುತ್ತಿರಲಿಲ್ಲ. ಹಾಲು ಹೆಚ್ಚಲೆಂದು ಅಜ್ಜಿ ಮಗಳಿಗೆ ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು ಎಲ್ಲವನ್ನೂ ತಿನ್ನಿಸಿದರು; ನೀರನ್ನು ಮಾತ್ರ ದಿನಕ್ಕೆ ಎರಡೇ ಲೋಟಕ್ಕೆ ನಿಲ್ಲಿಸಿದ್ದರು. ನಾನು ಅದನ್ನು ಹಿಂಸೆ ಎನ್ನುತ್ತೇನೆ. ಅಂದು ಮನೆಯವರೆಲ್ಲ ಪಥ್ಯವೆಂದರು.

ಆ ಮಧ್ಯಾಹ್ನ, ಹಸಿದು ಅಳುತ್ತಿದ್ದ ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಂಡು ಚಿಕ್ಕಮ್ಮ ಎದೆಹಾಲು ತೆಗೆಯುವ ಪಂಪನ್ನು ಒತ್ತಿದಳು, ಒತ್ತುತ್ತಲೇ ಇದ್ದಳು. ಬಾಟಲಿಯ ತಳವೂ ತುಂಬಲಿಲ್ಲ.

"ಒಂದು ಚೊಂಬು ನೀರು ತಂದ್ಕೊಡಮ್ಮ. ನಾಲಿಗೆ ಅಂಟ್ಕೊಳ್ತಾ ಇದೆ," ಎಂದು ನನ್ನನ್ನು ಕೇಳಿದಳು.

"ನೀನು ಕುಡಿದ್ರೆ ಪಾಪೂಗೆ ಶೀತ ಆಗುತ್ತಂತೆ. ಅಜ್ಜಿ ಬೈತಾರೆ," ಎಂದೆ.

ಅವಳು ಗೋಡೆ ಹಿಡಿದುಕೊಂಡು ಎದ್ದು, ರೇಷ್ಮೆಹುಳು ಸಾಕುವ ಕೋಣೆಗೆ ಹೋದಳು. ಅಲ್ಲಿ ಹಿಪ್ಪುನೇರಳೆ ಸೊಪ್ಪು ಬಾಡದಿರಲೆಂದು ಅಜ್ಜಿ ಅದರ ಮೇಲೆ ಗೋಣಿತಾಟು ಹೊದಿಸಿ, ಕೊಡಗಟ್ಟಲೆ ನೀರು ಸುರಿದಿದ್ದರು. ಚಿಕ್ಕಮ್ಮ ಆ ಗೋಣಿಯ ಅಂಚನ್ನು ಹಿಂಡಿ, ಬೊಗಸೆಯಲ್ಲಿ ಹಿಡಿದು ಕುಡಿದಳು.

ನಾನು ಹಿತ್ತಲಿಗೆ ಓಡಿ ಕೂಗಿದೆ: "ಅಜ್ಜೀ, ಚಿಕ್ಕಮ್ಮ ನೀರು ಕುಡೀತಾ ಇದ್ದಾಳೆ!"

ಅಜ್ಜಿ ಓಡಿ ಬಂದು ಅವಳ ಕೈಯಿಂದ ಗೋಣಿಯನ್ನು ಕಿತ್ತುಕೊಂಡರು. ಕೋಣೆಗೆ ಬೀಗ ಹಾಕಿದರು. ಚಿಕ್ಕಮ್ಮ ಹೋಗಿ, ಮತ್ತೆ ಪಂಪು ಹಿಡಿದು ಕುಳಿತಳು.

"ಜಾಣೆ ಕಣಮ್ಮ ನೀನು," ಎಂದು ಅಜ್ಜಿ ನನ್ನ ತಲೆ ಸವರಿದರು. "ಇನ್ಮೇಲೆ ಅವಳ ಹತ್ರಾನೇ ಕೂತಿರು."

ನಾನು ಹೆಮ್ಮೆಯಿಂದ ಹೋಗಿ ಬಾಗಿಲಿಗೆ ಅಡ್ಡವಾಗಿ ಕುಳಿತೆ.