ಮೇಲಿನ ಮನೆಯ ನೀರು

ಮುಂಬೈಯ ಕನ್ನಡ ಚರ್ಚಿನ ಸುಗ್ಗಿ ಹಬ್ಬದ ಆರಾಧನೆಯಲ್ಲಿ ಪಾಸ್ಟರು ಎತ್ತಿ ಹಿಡಿದದ್ದು ಪ್ರೇಮಲತಾ ಕಾಣಿಕೆಗೆ ತಂದ ಸೇಬಿನ ಬುಟ್ಟಿಯನ್ನಲ್ಲ, ಮಾರ್ಥಾ ಬೆಳೆದ ಒಂದು ಹಿಡಿ ಮೆಂತ್ಯ ಸೊಪ್ಪನ್ನು. "ಚೆಂಬೂರಿನ ಬಿಲ್ಡಿಂಗ್‌ನ್ಯಾಗ ಸುಗ್ಗಿ ಅಂದ್ರ ಇದ ನೋಡ್ರಿ," ಎಂದರು. ಸಭೆ "ಸ್ತೋತ್ರ" ಎಂದಿತು. ಪ್ರೇಮಲತಾಳ ಹೊಟ್ಟೆ ಉರಿಯಿತು.

ಮಾರ್ಥಾ ಇದ್ದದ್ದು ಅವಳ ಕೆಳಗಿನ ಮನೆಯಲ್ಲೇ. ಪ್ರೇಮಲತಾ ತನ್ನ ಕಿಟಕಿಯ ಕುಂಡಗಳಲ್ಲಿ ಅಷ್ಟು ಆರೈಕೆ ಮಾಡಿದ ಗುಲಾಬಿ ಒಂದು ಮೊಗ್ಗೂ ಬಿಟ್ಟಿರಲಿಲ್ಲ. ಮಾರ್ಥಾಳ ಕಿಟಕಿಯ ಗ್ರಿಲ್‌ನಲ್ಲಿ, ಹಳೆಯ ಎಣ್ಣೆ ಡಬ್ಬಿಯಲ್ಲಿ, ಮೆಂತ್ಯ ಹಸಿರಾಗಿ ಎದ್ದು ನಿಂತಿತ್ತು. ಅದೂ ಇವಳ ಕುಂಡಗಳಿಂದ ಸೋರಿದ ನೀರು ಕುಡಿದು. ಅದನ್ನು ಕಂಡ ದಿನವೇ ಪ್ರೇಮಲತಾ ಪ್ರತಿ ಕುಂಡದ ಕೆಳಗೂ ಒಂದೊಂದು ತಟ್ಟೆ ಇಟ್ಟಿದ್ದಳು.

ದೇವರ ಉಪಕಾರದ ಸಾಕ್ಷಿ ಹೇಳಲು ಮಾರ್ಥಾ ಎದ್ದಳು. "ಇದಕ್ಕ ನೀರು ಕೊಟ್ಟವರು ನಮ್ಮ ಮ್ಯಾಲಿನ ಮನಿ ಪ್ರೇಮಕ್ಕಾರು. ಅವರು ಗಿಡಕ್ಕ ಹಾಕಿದ್ದು ನಮ್ಮ ಡಬ್ಬಿಗೂ ಬೀಳತಿತ್ತು." ಪ್ರೇಮಲತಾ ಸೆರಗು ಸರಿಪಡಿಸಿಕೊಂಡು ನೆಟ್ಟಗೆ ಕುಳಿತಳು.

"ಒಂದು ವಾರ ಆತು, ನೀರು ಬೀಳವಲ್ದು. ಅಕ್ಕಾರಿಗೆ ಆರಾಮಿಲ್ಲೇನೋ ಅಂತ ದಿನಾ ಪ್ರಾರ್ಥನಾ ಮಾಡಾಕತ್ತಿದ್ನಿ. ಇವತ್ತ ನೋಡಿದ್ರ, ಆರಾಮಾಗಿ ಬಂದು ಕುಂತಾರ. ದೇವರಿಗೆ ಸ್ತೋತ್ರ."

ಇಡೀ ಸಭೆ ಪ್ರೇಮಲತಾಳ ಕಡೆ ತಿರುಗಿ "ಸ್ತೋತ್ರ" ಎಂದಿತು.