ನೋಟಿಸು ತಂದವನು

"ಎಲ್ಲಿ ಸಹಿ ಹಾಕ್ಬೇಕು ಹೇಳಿ, ಹಾಕಿ ಹೋಗ್ತೀನಿ," ಎಂದಳು ಇಸ್ತ್ರಿಯಮ್ಮ. ಕುರ್ಚಿ ಕೊಟ್ಟರೂ ಅವಳು ಅದರ ತುದಿಯಲ್ಲಷ್ಟೇ ಕೂತಿದ್ದಳು.

ಪೊಲೀಸರ ಮೇಲಿನ ದೂರು ಕೇಳಲೆಂದೇ ಇದ್ದ ನಾಗರಿಕರ ಸಮಿತಿಯ ಕಚೇರಿ ಅದು. ಪೊಲೀಸರಿಗೂ ತಮಗೂ ಸಂಬಂಧವಿಲ್ಲವೆಂದು ಬಾಗಿಲ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿದ್ದರು. ಅದನ್ನು ನಂಬಿಯೇ ಅವಳು ಹೋದ ತಿಂಗಳು ಇಲ್ಲಿಗೆ ಬಂದಿದ್ದಳು. ಇನ್ಯಾರನ್ನೋ ಹುಡುಕಿಕೊಂಡು ಬಂದ ಪೇದೆಯೊಬ್ಬ ಅವಳ ಮಗನನ್ನು ಎಳೆದೊಯ್ದು, ಬಲಗೈ ಬೆರಳುಗಳನ್ನು ಬೂಟುಗಾಲಿನಲ್ಲಿ ತುಳಿದಿದ್ದ. ಮಗನದು ಫೋನ್ ರಿಪೇರಿ ಕೆಲಸ. ಈಗ ಅಂಗಿಯ ಗುಂಡಿ ಹಾಕಲೂ ಅಮ್ಮನೇ ಬೇಕು. ಅವತ್ತು ಕೆಂಡದಂತಿದ್ದ ಹೆಂಗಸು ಇವತ್ತು ತಲೆಯನ್ನೇ ಎತ್ತುತ್ತಿರಲಿಲ್ಲ.

ಗುಮಾಸ್ತ ಆಗಲೇ ಕಾಗದ ಸಿದ್ಧ ಮಾಡಿದ್ದ. "ಹೆಚ್ಚಿನವರು ಕೊನೆಗೆ ಹೀಗೇ ಮೇಡಂ. ದೂರು ವಾಪಸ್ ತಗೋತಾರೆ. ಅವರವರೇ ರಾಜಿ ಆಗ್ತಾರೆ."

ಮೇಡಂ ಎಂದರೆ ಸಮಿತಿಯ ಹೊಸ ಅಧ್ಯಕ್ಷೆ. ಮೊನ್ನೆಮೊನ್ನೆಯವರೆಗೂ ಹೆಣ್ಣುಮಕ್ಕಳ ಶಾಲೆಯಲ್ಲಿ ಹೆಡ್‌ಮಿಸ್ ಆಗಿದ್ದವರು. "ರಾಜಿ ಆಯ್ತೇನಮ್ಮ?" ಎಂದು ಕೇಳಿದರು.

"ಕಚ್ಚಿದ ನಾಯಿಗೂ ಕಚ್ಚಿಸ್ಕೊಂಡ ಕಾಲಿಗೂ ಎಂಥ ರಾಜಿ ಮೇಡಂ?" ಬಾಯಿ ತಪ್ಪಿ ಬಂದುಬಿಟ್ಟಿತ್ತು. ಇಸ್ತ್ರಿಯಮ್ಮ ನಾಲಿಗೆ ಕಚ್ಚಿಕೊಂಡಳು.

"ಮತ್ತೆ ಯಾಕೆ ಹಿಂದೆ ಸರೀತೀರಿ?"

"ನಿಮ್ಮ ನೋಟಿಸು ಬಂತಲ್ಲ."

"ಅದು ವಿಚಾರಣೆಗೆ ಬನ್ನಿ ಅಂತ ಕರೆದಿದ್ದು. ಅದಕ್ಕೇನು ಹೆದರಿಕೆ?"

"ತಂದೋನು ಅವನೇ," ಎಂದಳು. "ಅವನೇ ಬೆರಳು ಮುರಿದೋನು. ಒಳಗೆ ಬಂದು ಕೂತ. ಬೈಲಿಲ್ಲ, ಗದರಿಸ್ಲಿಲ್ಲ. ಮಗಳು ಕೆಲಸದಿಂದ ಎಷ್ಟು ಹೊತ್ತಿಗೆ ಬರ್ತಾಳೆ ಅಂತ ಕೇಳ್ದ, ಅಷ್ಟೇ. ನೀರು ಕೇಳಿ ಕುಡಿದು, ನಗ್ತಾ ಹೋದ."

ಮೇಡಂ ಗುಮಾಸ್ತನ ಕಡೆ ತಿರುಗಿದರು.

"ಠಾಣೆ ಮೂಲಕವೇ ಕಳಿಸೋದು ಮೇಡಂ," ಎಂದು ಅವನು ತಡವರಿಸಿದ. "ನಮ್ಮಲ್ಲಿ ಜವಾನ ಎಲ್ಲಿದ್ದಾನೆ? ಆ ಬೀದಿಗೆ ಡ್ಯೂಟಿ ಅವನದೇ. ಮೊದಲಿಂದಲೂ ಹೀಗೇ ನಡ್ಕೊಂಡು ಬಂದಿದೆ."

"ಕಳ್ಳನ ಕೈಗೇ ಬೀಗದಕೈ ಕೊಟ್ಟು, ಕಳ್ಳತನದ ದೂರೇ ಇಲ್ಲ ಅಂತ ಬೀಗ್ತಿದ್ದೀವಲ್ರೀ!" ಮೇಡಂ ಮುಖ ನಾಚಿಕೆಯಿಂದ ಕೆಂಪಾಯಿತು. ಇಸ್ತ್ರಿಯಮ್ಮನಿಗೆ, "ತಪ್ಪು ನಮ್ಮದಮ್ಮ," ಎಂದವರೇ ಪೊಲೀಸ್ ಮೇಲಧಿಕಾರಿಗೆ ಫೋನ್ ಹಚ್ಚಿದರು. ಆ ಪೇದೆಯನ್ನು ಆ ಬೀದಿಯಿಂದ ತೆಗೆಯಬೇಕು. ಅವನು ಇವರ ಮನೆಗೆ ಹೋಗಿ ಬೆದರಿಸಿದ್ದೂ ದೂರಿಗೆ ಸೇರುತ್ತದೆ. "ನೋಡೋಣ ಅನ್ನೋದೆಲ್ಲ ಬೇಡ. ಇವತ್ತೇ ಆಗ್ಬೇಕು. ಆದೇಶ ಕೈಗೆ ಬರೋವರೆಗೂ ಸಾಯಂಕಾಲ ಆ ಹುಡುಗೀನ ನಾನೇ ಮನೆಗೆ ಬಿಡ್ತೀನಿ. ಅದನ್ನೂ ಬರೆದಿಡ್ತೀನಿ." ಹೋಂವರ್ಕ್ ಮಾಡದೆ ಬಂದ ಹುಡುಗಿಯ ಹತ್ತಿರ ಮಾತಾಡಿದಂತಿತ್ತು ಅವರ ದನಿ. ಪೊಲೀಸರ ಜೊತೆ ಹೀಗೂ ಮಾತಾಡಬಹುದೆಂದು ಇಸ್ತ್ರಿಯಮ್ಮನಿಗೆ ಗೊತ್ತೇ ಇರಲಿಲ್ಲ. ಅವಳಿಗೆ ಒಳಗೊಳಗೇ ಖುಷಿಯಾಯಿತು. ಕುರ್ಚಿಯಲ್ಲಿ ಹಿಂದಕ್ಕೆ ಸರಿದು ಸರಿಯಾಗಿ ಕೂತಳು.

"ಸಹಿ...?" ಎಂದ ಗುಮಾಸ್ತ.

ಅವಳು ಕಾಗದವನ್ನು ಅವನತ್ತಲೇ ತಳ್ಳಿದಳು. "ಅದಿರ್ಲಿ ಸ್ವಾಮಿ. ಹೆಚ್ಚಿನವರು ಹೀಗೇ ಅಂದ್ರಲ್ಲ, ಅವರ ಮನೆಗೂ ನೋಟಿಸು ಹೀಗೇ ಹೋಗಿತ್ತಾ?"

ಗುಮಾಸ್ತ ಕಾಗದವನ್ನು ಮಡಚಿ ಫೈಲಿನೊಳಗೆ ತುರುಕಿದ. ಮೇಡಂ ಚಪ್ಪಲಿ ಮೆಟ್ಟಿ ಎದ್ದೇ ನಿಂತರು. "ಒಂದೊಂದು ಮನೆಗೂ ಹೋಗಿ ನಾನೇ ಕೇಳ್ತೀನಿ. ಈಗಲೇ ಶುರು."

ಇಸ್ತ್ರಿಯಮ್ಮನೂ ಎದ್ದಳು. "ನಮ್ಮ ಹಿಂದಿನ ಬೀದಿ ಡ್ರೈವರನ ಹೆಂಡ್ತೀನೂ ದೂರು ಕೊಟ್ಟು ವಾಪಸ್ ತಗೊಂಡೋಳೇ. ಅವರ ಮನೆ ಬಟ್ಟೆ ನನ್ನ ಹತ್ರಾನೇ ಬರೋದು." ಬಾಗಿಲವರೆಗೆ ಹೋದವಳು ತಿರುಗಿ ನೋಡಿದಳು. "ನೀವು ತಟ್ಟಿದ್ರೆ ಅವಳು ಬಾಗಿಲು ತೆಗೆಯಲ್ಲ ಮೇಡಂ. ನಾನು ತಟ್ತೀನಿ, ನೀವು ನನ್ನ ಹಿಂದೆ ನಿಂತ್ಕೊಳ್ಳಿ."